ಹಲವು ದಿನಗಳ ಸೈಕಲ್ ರೇಸಿನಲ್ಲಿ ಸಹಸವಾರನ ಕೆಲಸವೇನು?

ಪುಣೆಯ ನಮ್ಮ ಕನ್ನಡಿಗರ ತಂಡದೊಡನೆ ಹವ್ಯಾಸಿಗಳ ಹಲವು ದಿನಗಳ ರೇಸಿಗೆ ಹೊರಟಿರುವ ನೀವು, ನಾಯಕನಲ್ಲದ ಸವಾರ ಏನು ಮಾಡಬೇಕೆಂದು ಕೇಳಿದ್ದೀರಿ.

ಇಂಥ ರೇಸಿನಲ್ಲಿ ಎಲ್ಲ ದಿನಗಳ ಸಮಯವನ್ನು ಕೂಡಿಸಿ ವಿಜೇತರನ್ನು ನಿರ್ಧರಿಸುವುದರಿಂದ, ತಂಡ ಗೆಲ್ಲಿಸಬಯಸುವ ಸವಾರನ, ಅಂದರೆ ನಾಯಕನ, ಕಾಲಿನ ಕಸುವನ್ನು ಕೊನೆಯವರೆಗೆ ಉಳಿಸಿಕೊಡುವುದೇ ನಿಮ್ಮ ಮುಖ್ಯ ಕೆಲಸ. ಸಮತಟ್ಟಾದ ರಸ್ತೆಯಲ್ಲಿ ಮುಂದಿನವರ ಚಕ್ರಕ್ಕೆ ಹತ್ತಿರವಾಗಿ ಸಾಗುವವರಿಗೆ ಗಾಳಿಯ ತಡೆ ತಗ್ಗಿ, ಶ್ರಮದಲ್ಲಿ ಸುಮಾರು ಕಾಲುಭಾಗ ಉಳಿಯುತ್ತದೆ. ಆದ್ದರಿಂದ ಎದುರುಗಾಳಿಯಲ್ಲಿ ನೀವು ಮುಂದಿರಬೇಕು, ಅಡ್ಡಗಾಳಿಯಲ್ಲಿ ಗಾಳಿ ಬರುವ ಬದಿಗೆ ಸರಿದು ನಾಯಕನಿಗೆ ಮರೆಯಾಗಬೇಕು. ಪುಣೆ ಬಳಿಯ ಸಿಂಹಗಡದಂಥ ಕಡಿದಾದ ಏರಿನಲ್ಲಿ ವೇಗ ಇಳಿಯುವುದರಿಂದ ಈ ಲಾಭ ಅಷ್ಟಾಗಿ ಸಿಗದು. ಅಲ್ಲಿ ಬೇಕಾದದ್ದು, ಏರು ಶುರುವಾಗುವ ಮೊದಲೇ ನಾಯಕನನ್ನು ಗುಂಪಿನ ಮುಂಭಾಗಕ್ಕೆ ತಲುಪಿಸಿ, ಬಳಿಕ ಒಂದೇ ಸಮನಾದ ಗತಿಯನ್ನು ಕಾಯ್ದುಕೊಳ್ಳುವುದು. ನನ್ನ ಅಭಿಪ್ರಾಯದಲ್ಲಿ ಸಹಸವಾರನ ನಿಜವಾದ ಕೌಶಲ ಇದೇ: ಮುಂದೆ ಸಾಗುವ ಸರದಿ ಬಂದೊಡನೆ ಉತ್ಸಾಹದಿಂದ ಥಟ್ಟನೆ ವೇಗ ಹೆಚ್ಚಿಸಿದರೆ, ನೀವು ಕಾಪಾಡಬೇಕಾದವರೇ ಅಂತರ ಮುಚ್ಚಲು ದಣಿಯುತ್ತಾರೆ.

ರೇಸಿನ ನಿಯಮ ಒಪ್ಪಿದರೆ, ನಾಯಕನಿಗೆ ಪಂಕ್ಚರ್ ಆದಾಗ ನಿಮ್ಮ ಚಕ್ರವನ್ನೇ ಬಿಚ್ಚಿಕೊಡಬೇಕಾಗಬಹುದು. ಕೆಲಸ ಮುಗಿದ ಮೇಲೆ ಹಿಂದುಳಿದವರ ಗುಂಪಿನೊಡನೆ ಸಮಯಮಿತಿಯೊಳಗೆ ಹಗುರವಾಗಿ ಗುರಿ ಮುಟ್ಟಿ, ತಡಮಾಡದೆ ಊಟ ಮಾಡಿ ವಿಶ್ರಮಿಸಿರಿ.