ನಾಟಕದ ಪಾಠದಲ್ಲಿ ವಿಶ್ಲೇಷಣೆ, ಪದಸಂಪತ್ತು, ವಾಕ್ಯರಚನೆ ಮೂರನ್ನೂ ಒಟ್ಟಿಗೆ ಕಲಿಸುವುದು ಹೇಗೆ?

ಇಡೀ ಅಂಕ ಬೇಡ. ಎರಡು ಪಾತ್ರಗಳ 12–15 ಸಾಲಿನ ಸಂಭಾಷಣೆ ಒಂದು ತರಗತಿಗೆ ಸಾಕು. ಮೊದಲು ಎರಡು ಸಲ ಗಟ್ಟಿಯಾಗಿ ಓದಿಸಿ. ಅರ್ಥಕ್ಕೆ ಅಡ್ಡ ಬರುವ ಐದಾರು ಪದಗಳನ್ನಷ್ಟೇ ಆರಿಸಿ, ಸಂದರ್ಭದಿಂದ ಊಹಿಸಲು ಬಿಟ್ಟು, ಆಮೇಲೆ ನಿಘಂಟು ತೆರೆಸಿ.

ಹೆಚ್ಚು ಹೊತ್ತು ಕೊಡಬೇಕಾದದ್ದು ವಾಕ್ಯರಚನೆಗೆ. ‘ನಾನು ಹೋಗುವುದಿಲ್ಲ’ ಎಂಬುದನ್ನು ‘ಹೋಗುವುದಿಲ್ಲ ನಾನು!’ ಎಂದು ಬದಲಿಸಿ ಹೇಳಿಸಿ. ಕ್ರಿಯಾಪದ ಮುಂದೆ ಬಂದೊಡನೆ ಹಟ ಕೇಳಿಸುತ್ತದೆ. ‘ನಾನಂತೂ ಹೋಗುವುದಿಲ್ಲ’ ಎಂದರೆ ಬೇರೆಯವರು ಹೋಗಬಹುದು ಎಂಬ ಸೂಚನೆಯೂ ಸೇರುತ್ತದೆ. ಪಾತ್ರ ವಿಶ್ಲೇಷಣೆಗೆ ಇದೇ ಬಾಗಿಲು.

ಮಕ್ಕಳು ವಿಶ್ಲೇಷಣೆಯ ಬದಲು ಕಥಾಸಾರ ಬರೆಯುತ್ತಾರೆ, ಏಕೆಂದರೆ ಪ್ರಶ್ನೆಯೇ ‘ಏನಾಯಿತು?’ ಎಂದಿರುತ್ತದೆ. ‘ಈ ಮಾತಿನಿಂದ ಪಾತ್ರಕ್ಕೆ ಏನು ಬೇಕಾಗಿದೆ? ಯಾವ ಪದ ಅದನ್ನು ತೋರಿಸುತ್ತದೆ?’ ಎಂದು ಕೇಳಿ.