ನ್ಯಾಸ್‌ದಾಗ ರೇಡ್ ಇದ್ರೂ ಬ್ಯಾಕಪ್ ಬೇಕೇನ್ರಿ?

ಪ್ರಶ್ನೆ: ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ನಮ್ದು ಫೋಟೋ ಸ್ಟುಡಿಯೊ ಅದರಿ. ಎರಡು ಡಿಸ್ಕಿನ ಸಿನಾಲಜಿ ಕಂಪನಿ ನ್ಯಾಸ್ (ನೆಟ್‌ವರ್ಕಿಗೆ ಹಚ್ಚಿ ಫೈಲ್ ಇಡೋ ಡಬ್ಬಿ) ತಂದು ರೇಡ್ 1 ಮಾಡೀವಿ, ಮದುವಿ ಫೋಟೋ ಎಲ್ಲಾ ಅದರಾಗೇ ಅವ. ಬ್ಯಾಕಪ್ ಸಾಫ್ಟ್‌ವೇರ್ ಬೇರೆ ಹಾಕ್ಬೇಕೇನ್ರಿ?

ಉತ್ತರ: ಹಾಕ್ಲೇಬೇಕ್ರಿ. ರೇಡ್ 1 ಅಂದ್ರ ಎರಡೂ ಡಿಸ್ಕಿನಾಗ ಒಂದೇ ಡೇಟಾ ಇರ್ತದ, ಒಂದು ಡಿಸ್ಕ್ ಕೆಟ್ರ ಇನ್ನೊಂದು ಕೆಲಸ ನಡಸ್ತದ, ಅಷ್ಟೇ. ಯಾರರೆ ಫೋಲ್ಡರ್ ಡಿಲೀಟ್ ಮಾಡಿದ್ರ, ಇಲ್ಲಾ ರಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ರೊಕ್ಕ ಕೇಳೋ ವೈರಸ್) ಹೊಕ್ರ, ಎರಡೂ ಡಿಸ್ಕಿನಾಗ ಒಮ್ಮೆಲೇ ಹೋಗ್ತದ. ನ್ಯಾಸಿನ ಪ್ಯಾಕೇಜ್ ಸೆಂಟರ್‌ದಾಗ (ಆ್ಯಪ್ ಸಿಗೋ ಜಾಗ) ಹೈಪರ್ ಬ್ಯಾಕಪ್ ಅನ್ನೋ ಬ್ಯಾಕಪ್ ಸಾಫ್ಟ್‌ವೇರ್ ಪುಕ್ಕಟೆ ಸಿಗ್ತದ, ಅದನ್ನ ಇನ್‌ಸ್ಟಾಲ್ ಮಾಡಿ ನ್ಯಾಸಿಗೆ ಒಂದು ಯುಎಸ್‌ಬಿ ಹಾರ್ಡ್‌ಡಿಸ್ಕ್ ಹಚ್ರಿ, ಸಿಂಗಲ್ ವರ್ಷನ್ ಬಿಟ್ಟು ಹಳೇ ವರ್ಷನ್ನೂ ಉಳಿಯೋ ಆಪ್ಷನ್ ಆರಿಸ್ರಿ, ಶೆಡ್ಯೂಲ್ ರಾತ್ರಿಗೆ ಇಡ್ರಿ, ಮೊದಲ್ನೇ ಸಲ ಭಾಳ ಹೊತ್ತು ಹಿಡೀತದ ಆಮ್ಯಾಲ ಬದಲಾದದ್ದಷ್ಟೇ ಹೋಗ್ತದ. ಎನ್‌ಕ್ರಿಪ್ಷನ್ (ಬ್ಯಾಕಪ್ಪಿಗೆ ಕೀಲಿ) ಹಾಕಿದ್ರ ಪಾಸ್‌ವರ್ಡ್, ಕೀ ಫೈಲ್ ಎರಡೂ ನ್ಯಾಸಿನ ಹೊರಗ ಇಟ್ಕೋರಿ, ಎರಡೂ ಕಳದ್ರ ಡೇಟಾ ಬರಂಗಿಲ್ಲ.

ಇನ್ನೊಂದು ಡಿಸ್ಕ್ ಮನ್ಯಾಗ ಇಟ್ಟು ವಾರಕ್ಕೊಮ್ಮೆ ಅದಲುಬದಲು ಮಾಡ್ರಿ, ಅಂಗಡಿಗೆ ಬೆಂಕಿ ಹತ್ತಿದ್ರೂ ಮಂದಿ ಮದುವಿ ಫೋಟೋ ಉಳೀಬೇಕಲ್ರಿ. ಕರೆಂಟ್ ಹೋಗಿ ಬರೋ ಊರಾಗ ಯುಪಿಎಸ್ ಇಲ್ದೆ ನ್ಯಾಸ್ ನಡಸಬ್ಯಾಡ್ರಿ. ಮತ್ತ ತಿಂಗಳಿಗೊಮ್ಮೆ ಒಂದು ಆಲ್ಬಮ್ ರಿಸ್ಟೋರ್ ಮಾಡಿ, ಫೋಟೋ ತೆರೀತಾವಿಲ್ಲೋ ನೋಡ್ರಿ.