ಕಡ್ಡಾಯ ಬೇಡ, ಕಲಿತ ಕಸುಬಿಗೆ ಬೆಲೆ ಬೇಕು

ಇಸ್ರೇಲ್, ದಕ್ಷಿಣ ಕೊರಿಯಾಗಳಂತೆ ನಮ್ಮಲ್ಲೂ ಪ್ರತಿಯೊಬ್ಬ ಯುವಕನನ್ನು ಸೈನ್ಯಕ್ಕೆ ಕಳುಹಿಸಿದರೆ ಶಿಸ್ತು ಬರುವುದಿಲ್ಲವೇ, ಮುಂದಿನ ಬದುಕಿಗೂ ಅನುಕೂಲವಲ್ಲವೇ ಎಂದು ಕೇಳಿದ್ದೀರಿ. ನಾನು ಆಳಂದ ತಾಲ್ಲೂಕಿನವನು. 2001ರಲ್ಲಿ ಭೂಸೇನೆಗೆ ಸೇರಿ, ವಾಹನ ಮತ್ತು ಜನರೇಟರ್ ದುರಸ್ತಿಯಲ್ಲಿ 17 ವರ್ಷ ಕಳೆದು ಊರಿಗೆ ಮರಳಿದವನು. ಕಡ್ಡಾಯ ಬೇಡವೇ ಬೇಡ ಎನ್ನುತ್ತೇನೆ.

ಸಿಕಂದರಾಬಾದಿನ ತರಬೇತಿ ಕೇಂದ್ರದಲ್ಲಿ ಮೊದಲು ಕವಾಯತು, ಆಮೇಲೆ ಕಸುಬು. ಬಿಚ್ಚಿದ ನಟ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಜೋಡಿಸಿಡಬೇಕು. ಮಾಡಿದ ಕೆಲಸವನ್ನು ಅಂದೇ ಲಾಗ್ ಪುಸ್ತಕದಲ್ಲಿ ಬರೆಯಬೇಕು. ಅರ್ಧಕ್ಕೆ ನಿಂತ ಕೆಲಸವನ್ನು ಮುಂದಿನ ಪಾಳಿಯವನಿಗೆ ತೋರಿಸಿಯೇ ಹೊರಡಬೇಕು. ಇಷ್ಟು ಮೈಗೂಡಲು ನನಗೆ ಮೂರು ವರ್ಷ ಹಿಡಿಯಿತು. ದಕ್ಷಿಣ ಕೊರಿಯಾದ ಭೂಸೇನೆಯಲ್ಲಿ ಕಡ್ಡಾಯ ಸೇವೆಯ ಅವಧಿ 18 ತಿಂಗಳು. ಅಷ್ಟು ಹೊತ್ತಿಗೆ ನಾನಿನ್ನೂ ಉಸ್ತಾದರಿಂದ ಬೈಸಿಕೊಳ್ಳುತ್ತಿದ್ದೆ. ಮೊದಲ ಭರ್ತಿಯಲ್ಲಿ ಓಟದಲ್ಲೇ ಹೊರಬಿದ್ದು, ಮತ್ತೆ ಒಂದು ವರ್ಷ ಓಡಿ, ನಾನಾಗಿ ಬೇಡಿ ಪಡೆದ ಜಾಗ ಅದು. ಅದಕ್ಕೇ ಆ ಬೈಗುಳವನ್ನು ತಾಳಿಕೊಂಡೆ.

ಕಡ್ಡಾಯದ ರುಚಿ ನಮ್ಮ ದೇಶವೂ ಕಂಡಿದೆ. ಚೀನಾ ಯುದ್ಧದ ಮರುವರ್ಷ, 1963ರಲ್ಲಿ, ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯವಾಯಿತು. 1968ರಲ್ಲಿ ಅದು ಮತ್ತೆ ಐಚ್ಛಿಕವಾಯಿತು. ಇಂದು ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು ಮಂದಿಗೆ ಹದಿನೆಂಟು ತುಂಬುತ್ತದೆ. ಭೂಸೇನೆಯ ಒಟ್ಟು ಬಲವೇ ಸುಮಾರು 12 ಲಕ್ಷ. ಆ ಎರಡು ಕೋಟಿ ಮಂದಿಗೆ ಕಲಿಸುವವರು ಯಾರು?

ನಾಗರಿಕ ಬದುಕಿನ ಮಾತಿಗೆ ಬಂದರೆ ನನ್ನ ಸಂಕಟ ಬೇರೆಯೇ ಇದೆ. ನಿವೃತ್ತನಾಗಿ ಕಲಬುರಗಿಯಲ್ಲಿ ಕೆಲಸ ಹುಡುಕಿದಾಗ ಹೋದ ಕಡೆಯೆಲ್ಲ ಒಂದೇ ಮಾತು: ‘ಫೌಜಿ ಇದ್ದೀರಿ, ಗೇಟಿನಲ್ಲಿ ನಿಲ್ಲಿ.’ ಕಾವಲು ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಆದರೆ ಇಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳಬಲ್ಲವನ ಕೈಗೆ ಲಾಠಿ ಕೊಟ್ಟರೆ ನೋವಾಗುತ್ತದೆ. ಎಂಟು ತಿಂಗಳ ಮೇಲೆ ಒಂದು ದಾಲ್ ಮಿಲ್ಲಿನ ಮಾಲೀಕರು ಯಂತ್ರಗಳನ್ನು ನನಗೆ ಒಪ್ಪಿಸಿದರು. ಅಲ್ಲಿ ಬೇರಿಂಗ್ ಮುರಿದ ಮೇಲೆಯೇ ಬೇರಿಂಗ್ ತರುವ ರೂಢಿ ಇತ್ತು. ತೊಗರಿ ಬರುವ ಹಂಗಾಮಿನಲ್ಲಿ ಕಾಳನ್ನು ಮೇಲೆತ್ತುವ ಎಲಿವೇಟರ್ ನಿಂತರೆ ಹಮಾಲರ ಆ ದಿನದ ಕೂಲಿಯೂ ನಿಲ್ಲುತ್ತಿತ್ತು. ನಾನು ಒಂದು ಲಾಗ್ ಪುಸ್ತಕ ಇಟ್ಟೆ, ಗ್ರೀಸ್ ಹಾಕುವ ದಿನಗಳನ್ನು ಗೋಡೆಯ ಮೇಲೆ ಬರೆದೆ. ಈಗ ಹುಡುಗರು ನಾನಿಲ್ಲದಿದ್ದರೂ ಅದನ್ನು ತುಂಬುತ್ತಾರೆ. ಅದನ್ನು ನೋಡಿದಾಗ ನನಗೆ ಪದಕ ಸಿಕ್ಕಷ್ಟು ಹಿಗ್ಗಾಗುತ್ತದೆ.

2022ರಲ್ಲಿ ಬಂದ ಅಗ್ನಿಪಥ ಎಂಬ ಸೇನಾ ಭರ್ತಿ ಯೋಜನೆಯಲ್ಲಿ ನಾಲ್ಕು ವರ್ಷದ ನಂತರ ಹೆಚ್ಚೆಂದರೆ ಶೇ. 25ರಷ್ಟು ಮಂದಿ ಸೇನೆಯಲ್ಲಿ ಉಳಿಯುತ್ತಾರೆ. ಉಳಿದವರು ಸೇವಾನಿಧಿ ಎಂದು ಒಮ್ಮೆಲೇ ಕೊಡುವ ಸುಮಾರು 11.71 ಲಕ್ಷ ರೂಪಾಯಿಯೊಂದಿಗೆ, ಪಿಂಚಣಿಯಿಲ್ಲದೆ, ಇನ್ನೂ ಚಿಕ್ಕ ವಯಸ್ಸಿನಲ್ಲೇ ಮನೆಗೆ ಬರುತ್ತಾರೆ. ಅವರನ್ನೂ ನಾವು ಗೇಟಿನಲ್ಲೇ ನಿಲ್ಲಿಸುತ್ತೇವೆಯೇ ಎಂಬುದು ನನ್ನ ಚಿಂತೆ.

ನಿಮಗೆ ಹೋಗುವ ಮನಸ್ಸಿದ್ದರೆ ಹೋಗಿ. ಸಾಧ್ಯವಾದರೆ ಐಟಿಐ ಮುಗಿಸಿ ತಾಂತ್ರಿಕ ವಿಭಾಗಕ್ಕೆ ಪ್ರಯತ್ನಿಸಿ. ಹೊರಬರುವಾಗ ಕೌಶಲದ ಪ್ರಮಾಣಪತ್ರದಲ್ಲಿ ನೀವು ಮಾಡಿದ ಕೆಲಸ ಸರಿಯಾಗಿ ನಮೂದಾಗಿದೆಯೇ ಎಂದು ಎರಡು ಸಲ ಓದಿ ನೋಡಿ. ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಭಾನುವಾರ ಬೆಳಗಿನ ಐದಕ್ಕೆ ನಾಲ್ಕಾರು ಹುಡುಗರಿಗೆ 1,600 ಮೀಟರ್ ಓಡಿಸುತ್ತೇನೆ. ನೀವೂ ಬನ್ನಿ.